ತೊಳೆದ ಮೇಲೆ, ತೊಳೆಯುವ ಮುಂಚೆ

ಎಲ್ಲ ರಾದ್ಧಾಂತಕ್ಕೂ ಕಾರಣ ಆ ಎರಡು ಫೋಟೋಗಳು. ಅವಿಲ್ಲದೆಯೂ ವೆಬ್‌ಸೈಟ್ ಲಕ್ಷಣವಾಗಿಯೇ ಇತ್ತು. ಸೋದರತ್ತೆಯ ಲಾಂಡ್ರಿಯ ವಿಳಾಸ, ಫೋನ್ ನಂಬರು, ಒಗೆತ, ಇಸ್ತ್ರಿ, ಎಲ್ಲ ಇತ್ತು. ಆದರೆ ಅತ್ತೆ ಬಿಡಬೇಕಲ್ಲ!

“ತೊಳೆಯೋ ಮುಂಚೆ ಒಂದು ಫೋಟೋ, ತೊಳೆದ ಮೇಲೆ ಒಂದು. ಅದಿಲ್ದೆ ಯಾರು ನಂಬ್ತಾರೋ?”

ಸೈಟ್ ಮಾಡುತ್ತಿದ್ದ ಸೋದರಳಿಯ ಕಡ್ಡಿ ಗಡಿಯಾರ ನೋಡಿದ. ಮೈಯಲ್ಲಿ ಮೂಳೆ ಬಿಟ್ಟರೆ ಬೇರೇನೂ ಕಾಣದ್ದಕ್ಕೆ ಓಣಿಯವರು ಇಟ್ಟ ಹೆಸರದು. ವೆಬ್‌ಸೈಟ್ ಮಾಡಲು ಕಲಿತು, ಕೆಲಸಕ್ಕಾಗಿ ಅಲೆದು ಅವನ ಚಪ್ಪಲಿ ಸವೆದಿತ್ತು. ಕೊನೆಗೂ ಒಂದು ಕಂಪನಿ ಇಂದು ಸಂಜೆ ಇಂಟರ್‌ವ್ಯೂಗೆ ಕರೆದಿತ್ತು. “ನೀವೇ ಮಾಡಿದ ಸೈಟ್ ಒಂದನ್ನ ಅಷ್ಟರೊಳಗೆ ಕಳಿಸಿ” ಎಂದಿದ್ದರು. ಹಾಗಾಗಿ ಈ ಸೈಟ್ ಅತ್ತೆಗಿಂತ ಅವನಿಗೇ ಹೆಚ್ಚು ಬೇಕಾಗಿತ್ತು.

“ಕಲೆ ಇರೋ ಬಟ್ಟೆ ಯಾವ್ದಾದ್ರೂ ಒಗೆದು ತೋರ್ಸು ಅತ್ತೆ.”

“ಅದು ಒಣಗೋಷ್ಟರಲ್ಲಿ ನಿನ್ನ ಇಂಟರ್‌ವ್ಯೂ ಮುಗಿದಿರುತ್ತೆ.”

ಆಗಲೇ ಕಡ್ಡಿಯ ತಲೆಯಲ್ಲಿ ದೀಪ ಹೊತ್ತಿಕೊಂಡದ್ದು. ಹೊತ್ತದಿದ್ದರೆ ಪಾಪ, ಅವನೇ ಸುಖವಾಗಿರುತ್ತಿದ್ದ. ಸಂಜೆಗೆಂದು ಇಸ್ತ್ರಿ ಮಾಡಿಸಿದ ಅವನ ಬಿಳಿ ಅಂಗಿ ಅಲ್ಲೇ ತೂಗುತ್ತಿತ್ತು. ಅದರ ಫೋಟೋ ತೆಗೆದ. ಅದು ‘ತೊಳೆದ ಮೇಲೆ’. ಇನ್ನು ಜೇಬಿನ ಹತ್ತಿರ ಒಂದು ಹನಿ ಟೀ ತಾಗಿಸಿದರೆ ‘ತೊಳೆಯುವ ಮುಂಚೆ’. ಒಂದು ಹನಿ ತಾನೆ, ಅತ್ತೆ ಚಿಟಿಕೆ ಹೊಡೆಯುವುದರೊಳಗೆ ತೆಗೆದುಬಿಡುತ್ತಾಳೆ.

ಟೀ ಹನಿ ಫೋಟೋದಲ್ಲಿ ಕಾಣಲೇ ಇಲ್ಲ.

“ಇಷ್ಟೇನಾ?” ಎಂದ ಪಕ್ಕದಂಗಡಿಯ ಬೋರ್ಡು ಬರೆಯುವ ಪೇಂಟರ್. ಇನ್ನೊಬ್ಬರ ಕೆಲಸದಲ್ಲಿ ಇಣುಕುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. “ದೂರದಿಂದ್ಲೂ ಎದ್ದು ಕಾಣ್ಬೇಕಪ್ಪ!” ಕಡ್ಡಿ ಬೇಡ ಬೇಡ ಎನ್ನುವಷ್ಟರಲ್ಲಿ ಕೆಂಪು ಕುಂಚ ಅಂಗಿಯ ಮೇಲೆ ಓಡಿತ್ತು.

ಎದುರಿನ ಸೈಕಲ್ ರಿಪೇರಿಯವನಿಗೆ ಇದನ್ನು ನೋಡಿ ಸುಮ್ಮನಿರಲಾಗಲಿಲ್ಲ. “ಪೇಂಟು ಯಾರ ಅಂಗಿ ಮೇಲೆ ಬೀಳುತ್ತೆ ಮಾರಾಯ? ಜನಕ್ಕೆ ನಿಜವಾದ ತಲೆನೋವು ಅಂದ್ರೆ ಇದು,” ಎಂದವನೇ ಚೈನಿನ ಗ್ರೀಸು ಮೆತ್ತಿದ ಅಂಗೈಯನ್ನು ಅಂಗಿಯ ಎದೆಗೆ ಒತ್ತಿದ. ಐದೂ ಬೆರಳು ಅಚ್ಚೊತ್ತಿದವು.

ಫೋಟೋ ಮಾತ್ರ ಸೊಗಸಾಗಿ ಬಂತು. ಕಡ್ಡಿ ಎರಡನ್ನೂ ಸೈಟಿಗೆ ಹಾಕಿ, ಸೈಟನ್ನು ಕಂಪನಿಗೆ ಕಳಿಸಿ, ಅಂಗಿಯನ್ನು ಅತ್ತೆಯ ಕೈಗಿಟ್ಟ.

ಅತ್ತೆ ಸೋಪು ಹಚ್ಚಿದಳು, ಬಿಸಿನೀರಿನಲ್ಲಿ ಅದ್ದಿದಳು, ತಿಕ್ಕಿದಳು, ನಡುನಡುವೆ ಪೇಂಟರನ್ನೂ ಸೈಕಲ್‌ನವನನ್ನೂ ಬೈದಳು. ಟೀ ಹೋಯಿತು. ಮಿಕ್ಕಿದ್ದು ಇನ್ನಷ್ಟು ಹರಡಿಕೊಂಡಿತು.

“ಇದು ಹೋಗಲ್ಲ ಕಣೋ,” ಎಂದಳು, ಕಣ್ಣಲ್ಲಿ ನೀರು ತುಂಬಿಕೊಂಡು. “ನನ್ನಿಂದ ನಿನ್ನ ಕೆಲ್ಸ ಹಾಳಾಯ್ತು.”

ಕಡ್ಡಿ ಅಂಗಿಯನ್ನು ಎತ್ತಿ ಹಿಡಿದ. “ಬಿಡು ಅತ್ತೆ, ಕಾಲರಾದ್ರೂ ಬೆಳ್ಳಗಿದೆಯಲ್ಲ,” ಎಂದ. ಅವನ ಇನ್ನೊಂದು ಅಂಗಿಯ ಕಾಲರು ಹರಿದಿತ್ತು. ಒದ್ದೆ ಅಂಗಿಯನ್ನೇ ತೊಟ್ಟು, ಮೇಲೆ ಮಾವನ ಉಣ್ಣೆ ಕೋಟು ಹಾಕಿ ಕತ್ತಿನವರೆಗೂ ಗುಂಡಿ ಹಾಕಿಕೊಂಡ. ಕೋಟಿನೊಳಗೆ ಇನ್ನೊಬ್ಬ ಕಡ್ಡಿಗೂ ಜಾಗವಿತ್ತು.

ಮ್ಯಾನೇಜರ್ ಸೈಟ್ ತೆರೆದುಕೊಂಡೇ ಕೂತಿದ್ದರು.

“ಎಂಥ ಸೆಖೆ! ಕೋಟು ಬಿಚ್ಚಿ ಕೂತ್ಕೊಳ್ಳಿ.”

“ಚಳಿ ಸಾರ್,” ಎಂದ ಕಡ್ಡಿ, ಹಣೆಯ ಬೆವರು ಒರೆಸಿಕೊಳ್ಳುತ್ತ.

“ಸೈಟ್ ಚೆನ್ನಾಗಿದೆ. ಈ ಫೋಟೋಗಳು ನಿಜದ್ದೇ ತಾನೆ? ಸುಳ್ಳು ಹಾಕೋರನ್ನ ನಾವು ಹತ್ರಕ್ಕೂ ಸೇರಿಸಲ್ಲ.”

“ಎರಡೂ ಒಂದೇ ಅಂಗಿ ಸಾರ್. ನಂದೇ.”

“ಹಾಗಾದ್ರೆ ಕೆಲ್ಸ ನಿಮ್ಮದೇ!”

ಕಡ್ಡಿ ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಮ್ಯಾನೇಜರ್ ಎದ್ದು ಬಾಗಿಲು ಮುಚ್ಚಿ, ಮೇಜಿನಡಿಯಿಂದ ಒಂದು ಪೊಟ್ಟಣ ತೆಗೆದರು. ದನಿ ತಗ್ಗಿತು.

“ನಮ್ಮ ಮಾವ ಕೊಟ್ಟ ರೇಷ್ಮೆ ಅಂಗಿ. ಮಗನ ಸೈಕಲ್ ಚೈನ್ ಹಾಕೋಕೆ ಹೋಗಿ ಹೀಗಾಯ್ತು. ನಮ್ಮನೆಯವಳು ಇನ್ನೂ ನೋಡಿಲ್ಲ. ನೋಡಿದ್ರೆ ನನ್ನ ಕತೆ ಅಷ್ಟೆ. ನಾಳೆ ಬರುವಾಗ ಈ ಫೋಟೋದಲ್ಲಿರೋ ಹಾಗೇ ಮಾಡಿಸ್ಕೊಂಡು ಬನ್ನಿ. ಅದು ಕೈಗೆ ಬಂದ ತಕ್ಷಣ ನಿಮ್ಮ ಆರ್ಡರಿಗೆ ಸಹಿ ಹಾಕ್ತೀನಿ.”

ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದಳು. ಕಡ್ಡಿ ನಡೆದದ್ದನ್ನೆಲ್ಲ ಹೇಳಿ ಪೊಟ್ಟಣ ಬಿಚ್ಚಿದ. ಅವಳು ಅಂಗಿಯನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿ, ಹಣೆ ಹಣೆ ಚಚ್ಚಿಕೊಂಡಳು.

“ಅಯ್ಯೋ ಪೆದ್ದೇ, ಇದನ್ನ ಕಲೆ ಆಗೋಕೆ ಮುಂಚೆ ತರ್ಬೇಕಿತ್ತಲ್ಲೋ!”