ಮಾಲಿಂಗನ ನೀಲಿ ಚಡ್ಡಿ

ಎಲ್ಲ ರಗಳೆಗೂ ಮೂಲ ಒಂದು ಚಡ್ಡಿ. ಯಮಕನಮರಡಿಯ ದರ್ಜಿ ಮಾಲಿಂಗ ದೀಪಾವಳಿಯ ಹೊಲಿಗೆ ಮುಗಿದ ಮೇಲೆ ಉಳಿದ ನೀಲಿ ಬಟ್ಟೆಯಲ್ಲಿ ತನಗೇ ಒಂದು ಚಡ್ಡಿ ಹೊಲಿದುಕೊಂಡ. ದಾಂಡೇಲಿಗೆ ಹೋಗಬೇಕು. ಊರಿಗೆ ಹತ್ತಿಕೊಂಡೇ ಕಾಡು, ಬಾಜೂಕ್ಕೇ ಕಾಳಿ ಹೊಳೆ. ಆ ಹೊಳೆಯ ದಂಡೆಯ ನೀರಿನಲ್ಲಿ ನಾಲ್ಕು ದಿನ ಎಮ್ಮೆಯಂತೆ ಬಿದ್ದಿರಬೇಕು. ಹೆಂಡತಿ ವಿದ್ಯಾ, ಮಗಳು, ತಾನು. ನಾಲ್ಕನೆಯವರು ಬೇಡ. ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಬಡಪಾಯಿ ಕಂಡ ಒಂದೇ ಕನಸು ಅದು.

ಮೊದಲ ಕಲ್ಲು ಹೆಂಡತಿಯದೇ ಬಿತ್ತು. "ಅಲ್ಲೇ ನನ್ನ ತಮ್ಮನ ಮನಿ ಇದ್ದೂ ಲಾಡ್ಜಿನ್ಯಾಗ ಇಳದ್ರ ಮಂದಿ ಮಾರಿಗಿ ಉಗಳತಾರ್ರಿ!"

"ಹಂಗಾರ ನಿನ್ನ ತಮ್ಮ ರಾವಸಾಹೇಬಗ ಒಂದ ಫೋನರ ಮಾಡು."

"ತಮ್ಮನ ಮನಿಗಿ ಹೋಗಾಕ ಫೋನ ಮಾಡೂದೇನ್ರಿ? ನಾವೇನ ಹೊರಗಿನವರಾ?"

ಹೊರಡುವ ದಿನ ಬೆಳಿಗ್ಗೆ ಮಾಲಿಂಗ ಚಡ್ಡಿ ಹಾಕಿ ನೋಡಿದ. ನೋಡಿದವನು ಒಳಗೇ ಇರಬೇಕಿತ್ತು. ಪುಣ್ಯಾತ್ಮ ಬಾಗಿಲಿಗೆ ಬಂದು ನಿಂತ. ಎದುರುಮನೆಯ ಫಕೀರವ್ವ ಆಡಿನ ಹಾಲು ಹಿಂಡುತ್ತಿದ್ದವಳು ತಲೆ ಎತ್ತಿದಳು.

"ಅಯ್ಯ ಮಾಲಿಂಗಾ, ಇದೇನೋ ಅವತಾರ?"

"ದಾಂಡೇಲಿಗಿ ಹೊಂಟೇವಿ ಆಯಿ."

ಅಷ್ಟು ಸಾಕಾಯಿತು. ಬಾಡಿಗೆಗೆ ಹೇಳಿದ್ದ ಜಾಫರಸಾಬನ ಕ್ರೂಸರ್ ಬಂದು ನಿಲ್ಲುವ ಹೊತ್ತಿಗೆ ಫಕೀರವ್ವ ಗಂಟು ಕಟ್ಟಿಕೊಂಡು ಮುಂದಿನ ಸೀಟು ಹಿಡಿದಾಗಿತ್ತು. ಹಿಂದಿನ ಓಣಿಯ ಸಿದ್ರಾಯ ಹೆಂಡತಿ ಮಕ್ಕಳ ಸಮೇತ ಐದು ಜನ ಹತ್ತಿದ. ಜಾಫರಸಾಬನ ಹೆಂಡತಿ ನಜೀರಾ, ಮಗಳು ಸಮ್ರೀನ ಆಗಲೇ ಒಳಗಿದ್ದರು.

"ಇದೇನೋ ಜಾಫರಣ್ಣಾ?" ಮಾಲಿಂಗ ಹೌಹಾರಿದ.

"ಏನ ಮಾಡ್ಲೋ ಮಾರಾಯಾ, ದಿನಾ ಸೀಟ ತುಂಬಿಸಿ ಹೊಡದ ರೂಢಿ. ಖಾಲಿ ಗಾಡಿ ಅಂದ್ರ ನನಗ ಗೇರ ಬೀಳೂದಿಲ್ಲ."

ವಿದ್ಯಾ, ಮಗಳು ಹತ್ತಿದರು. ಹತ್ತು ಸೀಟು ಭರ್ತಿ. ಎಲ್ಲರೂ ಮಾಲಿಂಗನನ್ನು ನೋಡಿದರು.

"ಅವ ಇಲ್ಲೇ ಇರಲಿ ಬಿಡ್ರಿ," ಎಂದಳು ಫಕೀರವ್ವ. "ನನ್ನ ಆಡ ನೋಡಾಕ ಒಬ್ಬಾಂವ ಬೇಕಲ್ಲ."

"ಗಾಡಿ ಹೇಳಿದಾಂವನ ನಾನು!"

"ಸಿಟ್ಟಾಗಬ್ಯಾಡ್ರಿ," ವಿದ್ಯಾ ಸಮಾಧಾನ ಮಾಡಿದಳು. "ಸಂಜಿಕ ಆಡ ಯಾರಿಗಾರ ಒಪ್ಪಿಸಿ ನಾಳಿ ಮುಂಜಾನಿ ಬಸ್ಸಿಗಿ ಬರ್ರಿ."

ಕ್ರೂಸರ್ ಧೂಳೆಬ್ಬಿಸಿ ಹೋಯಿತು. ಮಾಲಿಂಗನಿಗೆ ಅಳುವೇ ಬಂತು. ಆದರೂ ನಾಳೆ ಇದೆಯಲ್ಲ ಎಂದು ಚಡ್ಡಿ ಮಡಚಿ ಚೀಲಕ್ಕೆ ಹಾಕಿದ.

ಮಧ್ಯಾಹ್ನ ಬಾಗಿಲ ಮುಂದೆ ಇನ್ನೊಂದು ಗಾಡಿ ನಿಂತಿತು. ಇಳಿದವನು ದಾಂಡೇಲಿಯ ರಾವಸಾಹೇಬ! ಅವನ ಹಿಂದೆ ಹೆಂಡತಿ, ಮಕ್ಕಳು, ಅತ್ತೆ, ಮಾವ, ಒಟ್ಟು ಎಂಟು ತಲೆ.

"ಮಾಮಾ! ದಿನಾ ಅದ ಕಾಡು, ಅದ ಹೊಳಿ, ಬ್ಯಾಸರಾತು ನೋಡ್ರಿ. ನಾಕ ದಿನಾ ನಿಮ್ಮಲ್ಲಿ ಇದ್ದು ಗೋಕಾಕ ಫಾಲ್ಸ ನೋಡೂನಂತ ಬಂದೇವಿ."

"ಒಂದ ಫೋನರ ಮಾಡಬಾರದೇನೋ?"

"ಅಕ್ಕನ ಮನಿಗಿ ಬರಾಕ ಫೋನ ಮಾಡೂದೇನ್ರಿ? ನಾವೇನ ಹೊರಗಿನವರಾ?"

ಅಷ್ಟರಲ್ಲಿ ಮಾಲಿಂಗನ ಮೊಬೈಲ್ ಬಡಕೊಂಡಿತು. ವಿದ್ಯಾ. "ರೀ, ತಮ್ಮನ ಮನಿಗಿ ಕೀಲಿ ಹಾಕೇತಿ! ಹನ್ನೊಂದ ಮಂದಿ ಕಟ್ಟಿ ಮ್ಯಾಲ ಕುಂತೇವಿ!"

ರಾವಸಾಹೇಬ ಮೊಬೈಲ್ ಕಸಿದುಕೊಂಡು ಸ್ಪೀಕರ್ ಹಾಕಿದ. "ಅಕ್ಕಾ, ಚಾವಿ ಬಾಜೂ ಮನ್ಯಾಗ ಐತಿ. ತಗೊಂಡ ಆರಾಮ ಇರ್ರಿ. ಇಲ್ಲಿ ನಮ್ಮನ್ನ ನೋಡ್ಕೊಳ್ಳಾಕ ಮಾಮಾ ಅದಾರಲ್ಲ."

"ಛಲೋ ಆತು ಬಿಡಪಾ," ವಿದ್ಯಾಳ ಜೀವ ಹಗುರಾಯಿತು. "ರೀ, ನೀವ ನಾಳಿ ಬರಬ್ಯಾಡ್ರಿ ಮತ್ತ. ತಮ್ಮ ಬಂದಾಗ ಮನ್ಯಾಗ ಯಾರೂ ಇಲ್ಲಂದ್ರ ಮಂದಿ ಮಾರಿಗಿ ಉಗಳತಾರ."

ಸಂಜೆ ಮಾಲಿಂಗ ಅದೇ ನೀಲಿ ಚಡ್ಡಿ ಹಾಕಿಕೊಂಡು ನಳದ ಕೆಳಗೆ ಫಕೀರವ್ವನ ಆಡು ತೊಳೆಯುತ್ತಿದ್ದ. ರಾವಸಾಹೇಬ ಫೋಟೋ ಹೊಡೆದು ಅಕ್ಕನಿಗೆ ಕಳಿಸಿದ. ಐದು ನಿಮಿಷಕ್ಕೆ ವಿದ್ಯಾಳ ಫೋನು.

"ರೀ, ನಿಮ್ಮ ಚಡ್ಡಿ ಎಲ್ಲಾರಿಗೂ ಮನಸಿಗಿ ಬಂದೈತಿ. ಹೊಳಿಗಿ ಇಳಿಯಾಕ ಅಂಥಾದ್ದ ಆರು ಬೇಕಂತ. ಅಳತಿ ಕಳಸೇನಿ. ರಾತ್ರಿನ ಹೊಲದು ನಾಳಿ ಮುಂಜಾನಿ ಬಸ್ಸಿಗಿ ಹಾಕ್ರಿ."