ಮೊಣಕೈ ಎತ್ತರದ ಮೇಜು

ಚಿತ್ರಗಾರನ ಬಳಿ ಮೇಜು ಇರಲಿಲ್ಲ. ಕುರ್ಚಿಯೂ ಇರಲಿಲ್ಲ. ಇದ್ದದ್ದು ಒಂದು ಮಂಚ, ಎರಡು ದಿಂಬು, ಚಿತ್ರ ಬಿಡಿಸುವ ಒಂದು ಟ್ಯಾಬ್ಲೆಟ್. ಬೆಳಗ್ಗೆ ಎಚ್ಚರವಾದರೆ ಹಾಗೆಯೇ ಬೋರಲಾಗಿ, ಒಂದು ದಿಂಬನ್ನು ಎದೆಯ ಕೆಳಗೆ, ಇನ್ನೊಂದನ್ನು ಟ್ಯಾಬ್ಲೆಟ್ಟಿನ ಕೆಳಗೆ ತುರುಕಿ ಕೆಲಸ ಶುರು ಮಾಡುತ್ತಿದ್ದ. ಜನ ಆಫೀಸಿಗೆ ಬಸ್ಸು ಹಿಡಿದು ಹೋಗುತ್ತಾರೆ. ಅವನು ಮಗ್ಗುಲು ಬದಲಿಸಿದರೆ ಸಾಕಿತ್ತು.

ಬೇರೆ ಯಾವ ಪುಸ್ತಕಕ್ಕೆ ಚಿತ್ರ ಬಿಡಿಸುತ್ತಿದ್ದರೂ ಇದರಲ್ಲಿ ಮುಚ್ಚಿಡುವಂಥದ್ದೇನೂ ಇರಲಿಲ್ಲ. ಆದರೆ ಅದು ಒಂದು ಆರೋಗ್ಯ ಸಂಸ್ಥೆಯ ಕೈಪಿಡಿ. ಹೆಸರು 'ನೆಟ್ಟಗೆ ಕೂತು ಚಿತ್ರ ಬಿಡಿಸಿ'. ದಿನಗಟ್ಟಲೆ ಪರದೆಯ ಮೇಲೆ ಗೆರೆ ಎಳೆಯುವವರ ಮಣಿಕಟ್ಟು, ಕುತ್ತಿಗೆ, ಬೆನ್ನು ಕೆಡದಂತೆ ಹೇಗೆ ಕೂರಬೇಕು ಎಂದು ತಿಳಿಸುವ ಪುಸ್ತಕ. ಮೇಜು ಮೊಣಕೈ ಎತ್ತರಕ್ಕಿರಬೇಕು, ಪಾದ ನೆಲಕ್ಕೆ ತಾಗಬೇಕು, ಮಣಿಕಟ್ಟು ಬಾಗಬಾರದು, ಅರ್ಧ ಗಂಟೆಗೊಮ್ಮೆ ಎದ್ದು ಕೈ ಕೊಡವಬೇಕು. ಒಟ್ಟು ಮೂವತ್ತಾರು ಚಿತ್ರ. ಮೂವತ್ತಾರನ್ನೂ ಅವನು ಹೊಟ್ಟೆಯ ಮೇಲೆ ಮಲಗಿ ಬಿಡಿಸಿದ್ದ. 'ಬೆನ್ನು ನೇರವಾಗಿರಲಿ' ಎಂಬ ಚಿತ್ರ ಮುಗಿಸಿದ ದಿನ ಅವನ ಬೆನ್ನೇ ಹಿಡಿದುಕೊಂಡಿತ್ತು; ಅಕ್ಕ ಬಂದು ಎರಡೂ ಕಾಲು ಹಿಡಿದು ಮಂಚದಿಂದ ಎಳೆದು ನಿಲ್ಲಿಸಿದ್ದಳು.

"ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ," ಅಂದಿದ್ದಳು.

ಕೈಪಿಡಿಯ ಸಂಪಾದಕಿಯ ಫೋನು ಬಂದದ್ದು ಬೆಳಗ್ಗೆ ಒಂಬತ್ತಕ್ಕೆ.

"ಇವತ್ತು ಸಾಯಂಕಾಲ ಐದಕ್ಕೆ ನಿಮ್ಮನೆಗೆ ಬರ್ತೀನಿ. ನೀವು ಕೆಲಸ ಮಾಡೋ ಜಾಗ ನೋಡ್ಬೇಕು. ಪುಸ್ತಕದ ಕೊನೇ ಪುಟಕ್ಕೆ ಒಂದು ಫೋಟೊನೂ ಬೇಕು. ಎರಡನೇ ಪುಸ್ತಕ ನಿಮಗೆ ಕೊಡೋದಾ ಬೇಡವಾ ಅಂತ ಅದನ್ನ ನೋಡಿದ ಮೇಲೆ ಹೇಳ್ತೀನಿ. ಅಂದ ಹಾಗೆ, ಹೇಗಿದೆ ನಿಮ್ಮ ಜಾಗ?"

"ಥೇಟ್ ಪುಸ್ತಕದಲ್ಲಿರೋ ಹಾಗೇ ಇದೆ ಮೇಡಂ," ಅಂದ ಚಿತ್ರಗಾರ, ದಿಂಬಿನ ಮೇಲಿಂದ.

"ಹೌದಾ," ಅಂದಳು ಅವಳು. "ಇರ್ಲಿ. ಬರ್ತೀನಿ."

ಎರಡನೇ ಪುಸ್ತಕ ಅಂದರೆ ಅರವತ್ತು ಚಿತ್ರ, ಒಂದು ವರ್ಷದ ಕೆಲಸ, ರಕ್ಷಾಪುಟದ ಮೇಲೆ ಅವನ ಹೆಸರು. ಅದುವರೆಗೆ ಅವನು ಬಟ್ಟೆ ಸೋಪಿನ ಪೊಟ್ಟಣದ ಮೇಲಿನ ನೊರೆ ಬಿಡಿಸಿಕೊಂಡಿದ್ದವನು. ನೊರೆಯ ಕೆಳಗೆ ಯಾರೂ ಹೆಸರು ಹಾಕುವುದಿಲ್ಲ.

ಅಕ್ಕ ಕಾರು ಓಡಿಸುವುದನ್ನು ಕಲಿಸುವ ಶಾಲೆಯಲ್ಲಿ ಮೇಷ್ಟ್ರು. ತಮ್ಮನ ಕತೆ ಕೇಳಿ ಅವಳು ಗಾಬರಿಯಾಗಲಿಲ್ಲ. ಕಲಿಯುವವರು ಕಂಬಕ್ಕೆ ಕಾರು ತಂದು ಗುದ್ದುವುದನ್ನು ದಿನಕ್ಕೆ ಎರಡು ಸಲ ನೋಡುವವಳಿಗೆ ಗಾಬರಿಯ ಸಾಮಾನು ಎಂದೋ ಖಾಲಿಯಾಗಿತ್ತು.

"ಕುರ್ಚಿ ನಾನು ತರ್ತೀನಿ. ನೀನು ಮೇಜು ನೋಡ್ಕೊ," ಅಂದು ಹೋದವಳು ಒಂದು ಗಂಟೆಯಲ್ಲಿ ಶಾಲೆಯ ಗುಜರಿ ಕಾರಿನ ಡ್ರೈವರ್ ಸೀಟನ್ನು ತಲೆಯ ಮೇಲೆ ಹೊತ್ತು ತಂದಳು. ಬೆಲ್ಟು ಸಮೇತ. ಒಂದು ಪೆಟ್ಟಿಗೆಯ ಮೇಲೆ ಅದನ್ನು ಬಿಗಿದು ತಮ್ಮನನ್ನು ಕೂರಿಸಿದಳು.

"ಬೆನ್ನು ಹಿಂದಕ್ಕೆ. ಕಾಲು ಕೆಳಗೆ. ಈಗ ಕನ್ನಡಿ ನೋಡು."

"ಕನ್ನಡಿ ಎಲ್ಲಿದೆ ಅಕ್ಕ?"

"ಬಾಯಿ ತಪ್ಪಿ ಬಂತು. ಬೆಲ್ಟ್ ಹಾಕ್ಕೊ."

ಮೇಜಿಗೆ ಮೊಣಕೈ ಎತ್ತರ ಬೇಕು. ಎತ್ತರ ಅಂದರೆ ಅಳತೆ, ಅಳತೆ ಅಂದರೆ ಕೆಳಮನೆಯ ದರ್ಜಿ. ಆತ ಕೊರಳಿಗೆ ಟೇಪು ಹಾಕಿಕೊಂಡೇ ಹುಟ್ಟಿದವನಂತಿದ್ದ. ಬಂದವನೇ ಸೀಟಿನ ಮುಂದೆ ಮಂಡಿಯೂರಿ, ನೆಲದಿಂದ ಮೊಣಕೈವರೆಗೆ ಟೇಪು ಹಿಡಿದ. ಇಪ್ಪತ್ತಾರು ಅಂಗುಲ. ಚಿತ್ರಗಾರನ ಕಣ್ಣಿಗೂ ಅದು ಇಪ್ಪತ್ತಾರೇ. ದರ್ಜಿ ಮಾತ್ರ ಚೀಟಿಯಲ್ಲಿ ಇಪ್ಪತ್ತೆಂಟು ಬರೆದು ಎದುರುಮನೆಯ ಬಡಗಿಯ ಕೈಗೆ ಕೊಟ್ಟ. ಎರಡು ಅಂಗುಲ ಒಳಗೆ ಬಿಟ್ಟು ಬರೆಯುವುದು ಅವನ ಮೂವತ್ತು ವರ್ಷದ ಕಸುಬು. ಅಳತೆ ಹೇಗಿದೆಯೋ ಹಾಗೇ ಬರೆದರೆ ರಾತ್ರಿ ಅವನಿಗೆ ನಿದ್ದೆ ಬರುತ್ತಿರಲಿಲ್ಲ.

ಬಡಗಿ ಚೀಟಿ ನೋಡಿ ತನ್ನ ಪಾಲಿನ ಒಂದು ಅಂಗುಲ ಸೇರಿಸಿಕೊಂಡ. ಗರಗಸ ತಿನ್ನುವುದಕ್ಕೆ ಒಂದು ಅಂಗುಲ ಬಿಡುವುದು ಅವನ ಕಸುಬು. ಇಬ್ಬರೂ ಒಬ್ಬರಿಗೊಬ್ಬರು ಹೇಳಲಿಲ್ಲ. ಕಸುಬಿನ ಗುಟ್ಟನ್ನು ಯಾರು ಹೇಳುತ್ತಾರೆ.

"ಅಳತೆ ಸಿಕ್ತು. ಮರ ಎಲ್ಲಿ?" ಅಂದ ಬಡಗಿ.

"ನಿಮ್ಮ ಹತ್ರ ಇಲ್ವಾ?"

"ಇವತ್ತು ಮರದ ಅಡ್ಡೆಗೆ ರಜ." ಅವನು ಕೋಣೆಯನ್ನೆಲ್ಲ ಒಮ್ಮೆ ನೋಡಿದ. ನೋಡಲು ಹೆಚ್ಚೇನೂ ಇರಲಿಲ್ಲ. ಕಣ್ಣು ಮಂಚದ ಮೇಲೆ ನಿಂತಿತು. "ಇದಿದೆಯಲ್ಲ. ಮಂಚ ಅಂದ್ರೇನು, ಕುಳ್ಳ ಮೇಜು."

"ಮಲಗೋದೆಲ್ಲಿ ನಾನು?"

"ನಿಮಗೆ ಎರಡನೇ ಪುಸ್ತಕ ಬೇಕೋ, ನಿದ್ದೆ ಬೇಕೋ?"

ಚಿತ್ರಗಾರ ಗೋಡೆ ಗಡಿಯಾರ ನೋಡಿದ. ಹನ್ನೊಂದೂವರೆ. ಹಾಸಿಗೆ ಸುತ್ತಿ ಮೂಲೆಗಿಟ್ಟ. ಮಂಚದ ಮೇಲಿನ ಹಲಗೆ ಎರಡು ತುಂಡಾಯಿತು. ಒಂದು ಅರ್ಧ ಮೇಜಿನ ಮೈ. ಇನ್ನೊಂದು ಅರ್ಧವನ್ನು ಸೀಳಿ, ಟ್ಯಾಬ್ಲೆಟ್ ಓರೆಯಾಗಿ ನಿಲ್ಲಿಸುವ ಹಲಗೆ ಮಾಡಿದ್ದಾಯಿತು. ತಲೆಭಾಗದ ಕಂಬಗಳು, ಪಕ್ಕದ ಪಟ್ಟಿಗಳು ಕಾಲುಗಳಾದವು. ಮಂಚದ್ದು ಅಂತ ಉಳಿದದ್ದು ಒಂದು ಹಿಡಿ ಹೊಟ್ಟು. ಅದನ್ನೂ ಅಕ್ಕ ಗುಡಿಸಿ ಹೊರಗೆ ಹಾಕಿದಳು.

ಕೊಯ್ಯುವಾಗ ಮರ ಅಲುಗದಂತೆ ಹಿಡಿದುಕೊಳ್ಳುವ ಕೆಲಸ ಚಿತ್ರಗಾರನದು. ಮೂವತ್ತಾರು ಚಿತ್ರ ಬಿಡಿಸಿಯೂ ಹೇಗೋ ತಡೆದುಕೊಂಡಿದ್ದ ಬಲ ಮಣಿಕಟ್ಟು ಎರಡು ಗಂಟೆಯ ಹೊತ್ತಿಗೆ ಬನ್ನಿನಂತೆ ಉಬ್ಬಿತು.

ಮೇಜು ನಿಂತಿತು. ಚಿತ್ರಗಾರ ಸೀಟಿನಲ್ಲಿ ಕೂತ. ಮೇಜಿನ ಅಂಚು ಅವನ ಎದೆಗೆ ಬಂತು. ಕೈ ಮೇಲಿಟ್ಟರೆ ಭುಜಗಳೆರಡೂ ಕಿವಿಗೆ ತಾಗಿ, ಮಳೆಯಲ್ಲಿ ನೆನೆದ ಕೋಳಿಯ ಹಾಗೆ ಕಂಡ.

"ಇದೇನ್ರೀ, ಕತ್ತೇ ಕಾಣ್ತಿಲ್ಲ," ಅಂದಳು ಅಕ್ಕ.

ದರ್ಜಿ ಟೇಪು ಹಿಡಿದ. "ಇಪ್ಪತ್ತೊಂಬತ್ತು. ನಾನು ಬರೆದಿದ್ದು ಇಪ್ಪತ್ತೆಂಟು."

"ಗರಗಸಕ್ಕೆ ಒಂದು ಬಿಟ್ಟೆ. ನೀವು ಬರೆದದ್ದೇ ಸರಿಯಿತ್ತಾ?"

"ಎರಡು ಒಳಗೆ ಬಿಟ್ಟಿದ್ದೆ. ನಾಳೆ ಮೈ ಬಂದ್ರೆ ಬೇಕಾಗತ್ತಲ್ಲ."

"ಯಾರಿಗೆ ಮೈ ಬರೋದು, ಮೇಜಿಗಾ?"

"ಅದಕ್ಯಾಕೆ ಬಿಸಿಯಾಗ್ತೀರಿ. ಬಿಚ್ಚಿ ಸಣ್ಣ ಮಾಡಿದ್ರಾಯ್ತು."

"ಮರ ಏನು ಪೈಜಾಮನಾ ಬಿಚ್ಚೋಕೆ?" ಅಂದ ಬಡಗಿ, ಗರಗಸ ಎತ್ತಿಕೊಂಡು.

ಮೂರು ಅಂಗುಲ ತೆಗೆಯಬೇಕಿತ್ತು. ತೆಗೆದದ್ದಾಯಿತು. ಮೇಜು ಎಡಕ್ಕೆ ವಾಲಿತು. ಬಲಗಾಲು ಕೊಯ್ದ. ಬಲಕ್ಕೆ ವಾಲಿತು. ಎಡಗಾಲು ಕೊಯ್ದ. ಈಗ ಮುಂದಕ್ಕೆ ಬಗ್ಗಿ ನಮಸ್ಕಾರ ಮಾಡುವಂತೆ ನಿಂತಿತು. ದರ್ಜಿ ಪ್ರತಿ ಸಲವೂ ಸೀಮೆಸುಣ್ಣದಿಂದ ಗೆರೆ ಹಾಕಿಕೊಡುತ್ತಿದ್ದ, ಬಡಗಿ ಪ್ರತಿ ಸಲವೂ ಆ ಗೆರೆಯನ್ನು ಬೇಕೆಂದೇ ಬಿಟ್ಟು ಪಕ್ಕದಲ್ಲಿ ಕೊಯ್ಯುತ್ತಿದ್ದ. ಮೇಜು ನಾಲ್ಕು ಕಾಲಿನ ಮೇಲೆ ಸಮನಾಗಿ ನಿಂತಾಗ ಗಂಟೆ ನಾಲ್ಕು, ಎತ್ತರ ಇಪ್ಪತ್ತನಾಲ್ಕು.

"ಇನ್ನೊಂದು ಸಲ ಕೊಯ್ದ್ರೆ ರೊಟ್ಟಿ ಮಣೆ ಆಗತ್ತೆ," ಅಂದಳು ಅಕ್ಕ. "ಗರಗಸ ಕೆಳಗಿಡಿ."

ಎರಡು ಅಂಗುಲ ಎತ್ತರಿಸಲು ದರ್ಜಿಯೇ ದಾರಿ ಹೇಳಿದ. ಅಂಗಡಿಯಿಂದ ತನ್ನ ನಾಲ್ಕು ಅಳತೆ ಪುಸ್ತಕ ತಂದ. ಒಂದೊಂದೂ ಸರಿಯಾಗಿ ಎರಡು ಅಂಗುಲ ದಪ್ಪ. ಒಂದೊಂದು ಕಾಲಿಗೆ ಒಂದೊಂದು ಪುಸ್ತಕ ಕೊಟ್ಟು, ಅಕ್ಕನ ಹಳೆಯ ದುಪ್ಪಟ್ಟಾ ಸುತ್ತಿ ಕಾಣದಂತೆ ಮಾಡಿದರು. ಇಡೀ ಬೀದಿಯ ಸೊಂಟ, ಎದೆ, ತೋಳುಗಳ ಮೇಲೆ ಮೇಜು ನಿಂತಿತು.

ಚಿತ್ರಗಾರ ಕೂತ. ಮೊಣಕೈ ಸರಿಯಾಗಿ ಬಂತು. ಪಾದ ನೆಲಕ್ಕೆ ತಾಗಿತು. ಕುತ್ತಿಗೆ ನೇರ. ಮೂವತ್ತಾರು ಚಿತ್ರಗಳಲ್ಲಿ ತಾನೇ ಬಿಡಿಸಿದ ಆ ಸುಖಿ ಮನುಷ್ಯ ತಾನೇನಾ ಅಂತ ಅವನಿಗೇ ಅನುಮಾನ ಬಂತು. ಉಬ್ಬಿದ ಮಣಿಕಟ್ಟಿಗೆ ದರ್ಜಿ ಬಟ್ಟೆ ಸುತ್ತಿದ, ಅಕ್ಕ ಅದರ ಮೇಲೆ ಉದ್ದ ತೋಳಿನ ಅಂಗಿ ಎಳೆದಳು.

"ಈಗ ಕೇಳಿ," ಅಂದ ಚಿತ್ರಗಾರ, ದರ್ಜಿಗೂ ಬಡಗಿಗೂ. "ಅವರು ಏನೇ ಕೇಳ್ಲಿ, ನಾನು ಹತ್ತು ವರ್ಷದಿಂದ ಇದೇ ಮೇಜಿನ ಮೇಲೆ ಕೆಲಸ ಮಾಡ್ತಿದ್ದೀನಿ. ಮಂಚದ ಮಾತು ಬಾಯಿಗೆ ಬರಕೂಡದು. ನಾನೇ ಹೇಳಿದ್ರೂ ಬರಕೂಡದು."

"ಪ್ರಾಣ ಹೋದ್ರೂ ಇಲ್ಲ," ಅಂದ ಬಡಗಿ. ದರ್ಜಿ ಟೇಪು ಮುಟ್ಟಿ ಆಣೆ ಮಾಡಿದ. ಬೆಳಗ್ಗಿನಿಂದ ಇಬ್ಬರೂ ಒಪ್ಪಿದ ಮೊದಲ ಮಾತು ಅದು.

ಐದಕ್ಕೆ ಸಂಪಾದಕಿ ಬಂದಳು. ಕತ್ತಿಗೆ ದಪ್ಪನೆಯ ಪಟ್ಟಿ ಕಟ್ಟಿಕೊಂಡಿದ್ದಳು. ತಲೆ ಅಲ್ಲಾಡಿಸಲಾಗದೆ, ಮೇಜು ನೋಡಬೇಕಾದರೆ ಇಡೀ ಮೈಯನ್ನೇ ಲಾರಿಯಂತೆ ತಿರುಗಿಸಿಕೊಂಡಳು. ಕಾಲು ನೋಡಿದಳು, ಮೊಣಕೈ ನೋಡಿದಳು, ಓರೆ ಹಲಗೆ ಮುಟ್ಟಿ ನೋಡಿದಳು. ಚಿತ್ರಗಾರ ಬೆನ್ನು ಕಂಬದಂತೆ ಮಾಡಿಕೊಂಡು ನಗುತ್ತಿದ್ದ. ಫೋಟೊ ತೆಗೆದಳು. ಕಾರಿನ ಬೆಲ್ಟು ಎದೆಗೆ ಅಡ್ಡ ಬಂದದ್ದೇಕೆಂದು ಕೇಳಿದಳು. ಮುಂದಕ್ಕೆ ಬಾಗದಂತೆ ತಡೆಯಲು ಅಂತ ಅಕ್ಕ ಹೇಳಿದಳು. ಸಂಪಾದಕಿ ಅದನ್ನು ಬರೆದುಕೊಂಡಳು.

"ಒಂದೂ ತಪ್ಪಿಲ್ಲ," ಅಂದಳು ಕೊನೆಗೆ. ದನಿಯಲ್ಲಿ ಸಂತೋಷವಿರಲಿಲ್ಲ. "ನಾನು ನೋಡಿದ್ರಲ್ಲಿ ಇದೇ ಒಳ್ಳೇ ಜಾಗ. ಅದಕ್ಕೇ ಎರಡನೇ ಪುಸ್ತಕ ನಿಮಗೆ ಕೊಡೋಕಾಗಲ್ಲ."

ಚಿತ್ರಗಾರನ ನಗು ಮುಖದ ಮೇಲೆಯೇ ನಿಂತಿತು, ಇಳಿಯುವುದಕ್ಕೆ ದಾರಿ ಗೊತ್ತಿಲ್ಲದ ಬೆಕ್ಕಿನಂತೆ.

"ಈ ಪುಸ್ತಕದ ಕರಡನ್ನ ನಲವತ್ತು ಜನ ಚಿತ್ರಗಾರರಿಗೆ ಕಳಿಸಿದ್ವಿ," ಅಂದಳು ಅವಳು. "ಮೂವತ್ತೊಂದು ಜನ ಬರೆದಿದ್ದು ಒಂದೇ ಮಾತು. ಎಲ್ಲಾ ಚೆನ್ನಾಗಿದೆ, ಆದ್ರೆ ನಮ್ಮ ಹತ್ರ ಮೇಜೇ ಇಲ್ಲ ಅಂತ. ಮಂಚದ ಮೇಲೆ, ನೆಲದ ಮೇಲೆ, ಮೆಟ್ಟಿಲ ಮೇಲೆ ಕೂತು ಬಿಡಿಸೋವ್ರೇ ಎಲ್ಲ. ಬೇರೆಯವರ ಮಾತ್ಯಾಕೆ, ನಾನೂ ಈ ಪುಸ್ತಕ ಬರೆದಿದ್ದು ಅಡುಗೆಮನೆ ಕಟ್ಟೆ ಮೇಲೆ ಬಗ್ಗಿ ನಿಂತು. ಕತ್ತು ನೋಡಿ. ಅದಕ್ಕೆ ಎರಡನೇ ಪುಸ್ತಕ ಮೇಜಿಲ್ಲದವರಿಗೆ. ದಿಂಬು ಎಲ್ಲಿಡಬೇಕು, ಬೋರಲು ಮಲಗಿದ್ರೆ ಮಣಿಕಟ್ಟು ಹೇಗಿಡಬೇಕು, ಇಂಥದ್ದು. ಅದನ್ನ ಮಂಚದ ಮೇಲೆ ಕೈ ನೋಯಿಸ್ಕೊಂಡವರೇ ಬಿಡಿಸ್ಬೇಕು. ನೀವು ಅಂಥವರಿರಬಹುದು ಅಂತ ಆಸೆ ಇಟ್ಕೊಂಡು ಬಂದಿದ್ದೆ."

"ನಾನು ಅಂಥವನೇ ಮೇಡಂ." ಚಿತ್ರಗಾರ ಏಳಲು ಹೋದ. ಬೆಲ್ಟು ಹಿಡಿದು ಕೂರಿಸಿತು. "ಮೂವತ್ತಾರನ್ನೂ ಮಂಚದ ಮೇಲೆ ಬೋರಲು ಮಲಗೇ ಬಿಡಿಸಿದ್ದು. ಬೇಕಾದ್ರೆ ಇವರನ್ನ ಕೇಳಿ."

ಸಂಪಾದಕಿ ಇಡೀ ಮೈ ತಿರುಗಿಸಿ ಬಾಗಿಲ ಬಳಿ ನಿಂತಿದ್ದ ಇಬ್ಬರನ್ನು ನೋಡಿದಳು.

"ಹತ್ತು ವರ್ಷ ಮೇಡಂ," ಅಂದ ದರ್ಜಿ. "ಈ ಮೇಜು ಬಿಟ್ಟು ಎದ್ದದ್ದು ನೋಡಿಲ್ಲ."

"ಹನ್ನೊಂದು," ಅಂದ ಬಡಗಿ, ದರ್ಜಿಗೆ ಸೋಲಲಾರದೆ. "ಮಾಡಿಕೊಟ್ಟಿದ್ದೇ ನಾನು."

"ಅಯ್ಯೋ, ನಿಜ ಹೇಳ್ರಪ್ಪ. ಮಂಚ ಇತ್ತಲ್ವಾ?"

ಬಡಗಿ ಅವನಿಗೆ ಒಂದು ಕಣ್ಣು ಮಿಟುಕಿಸಿದ, ಹೆದರಬೇಡ ನಾನಿದ್ದೀನಿ ಎಂಬಂತೆ. "ಮಂಚನಾ? ಈ ಮನುಷ್ಯ ಮಲಗಿದ್ದನ್ನೇ ಯಾರೂ ಕಂಡಿಲ್ಲ ಮೇಡಂ."

"ಸುಳ್ಳು ಹೇಳ್ತಿದ್ದಾರೆ," ಅಂದಳು ಅಕ್ಕ. "ಇವನನ್ನ ಮಂಚದಿಂದ ಕಾಲು ಹಿಡಿದು ಎಳೆದವಳು ನಾನು."

"ಒಡಹುಟ್ಟಿದವರು ಬಿಟ್ಟುಕೊಡ್ತಾರಾ," ಅಂದಳು ಸಂಪಾದಕಿ, ಮೆಲ್ಲಗೆ. "ಸರಿ, ಇದ್ರೆ ತೋರಿಸಿ. ಎಲ್ಲಿ ಆ ಮಂಚ?"

ನಾಲ್ವರೂ ಕೋಣೆಯನ್ನು ನೋಡಿದರು. ಚಿತ್ರಗಾರ ಊದಿದ ಕೈಯನ್ನು ನಿಧಾನವಾಗಿ ಎತ್ತಿ ಮುಂದಿದ್ದ ಮೇಜನ್ನು ತಟ್ಟಿದ.

"ಇದೇ ಮೇಡಂ."

ಸಂಪಾದಕಿ ಮೇಜನ್ನು ನೋಡಿದಳು, ಬೆಲ್ಟು ಬಿಗಿದುಕೊಂಡು ಕೂತವನನ್ನು ನೋಡಿದಳು. ಕೆಲಸ ತಪ್ಪಿದ್ದಕ್ಕೆ ಪಾಪ ತಲೆ ಕೆಟ್ಟಿದೆ ಅಂದುಕೊಂಡಿರಬೇಕು. "ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಿ. ಪುಸ್ತಕದಲ್ಲೇ ಇದೆಯಲ್ಲ," ಅಂದು ಮೆಟ್ಟಿಲಿಳಿದು ಹೋದಳು.

ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡವನಂತೆ ಚಿತ್ರಗಾರ ಕೂತೇ ಇದ್ದ. ಬೆಲ್ಟಿನ ಗುಂಡಿ ಸಿಕ್ಕಿಹಾಕಿಕೊಂಡಿತ್ತು.

"ಹೇಗೆ, ಬಾಯಿ ಬಿಟ್ವಾ?" ಅಂದ ದರ್ಜಿ. ಬೆನ್ನು ತಟ್ಟಿಸಿಕೊಳ್ಳಲು ಸ್ವಲ್ಪ ಹೊತ್ತು ಕಾದ. ಕೆಳಗೆ ಯಾರೋ ಅಂಗಿಗೆ ಅಳತೆ ಕೊಡಲು ಬಂದು ಕೂಗಿದರು. ಅವನು ಬಗ್ಗಿ ನಾಲ್ಕೂ ಪುಸ್ತಕ ಎಳೆದುಕೊಂಡು ಹೊರಟ. ಮೇಜು ಧೊಪ್ಪೆಂದು ಮೊಣಕಾಲಿಗೆ ಬಂತು.

ಅಕ್ಕ ಹಾಸಿಗೆ ಬಿಚ್ಚಿ ನೆಲದ ಮೇಲೆ ಹಾಸಿದಳು. ಆ ದಿನ ಹೋದದ್ದು ಇಷ್ಟು: ಮಂಚ ಒಂದು, ಬಲಗೈ ಮೂರು ವಾರ, ಚಿತ್ರ ಅರವತ್ತು.