ಮುಸ್ಸಂಜೆಯ ತಲೆನೋವಿಗೆ ಚೀನಾದ ಸೂಜಿ

ತನಗೆ ತಲೆನೋವು ಬಂದರೆ ಗಂಡಸು ಮುಸುಕು ಹಾಕಿ ಮಲಗುತ್ತಾನೆ. ಹೆಂಡತಿಗೆ ಬಂದರೆ ಎದ್ದು ಕೂತು ಸಲಹೆ ಕೊಡುತ್ತಾನೆ. ಈ ವಿಷಯದಲ್ಲಿ ನಾನಂತೂ ಬಹಳ ಧಾರಾಳಿ. ನೀರು ಸಾಲದ್ದು, ಫ್ಯಾನಿನ ಅಡಿಗೆ ಮಲಗಿದ್ದು, ಕನ್ನಡಕದ ನಂಬರು, ಗ್ಯಾಸು, ಪಕ್ಕದ ಮನೆಯವರ ಅಗರಬತ್ತಿ ಎಂದು ಜಲಜಳ ತಲೆನೋವಿಗೆ ನಾನು ದಿನಕ್ಕೊಂದು ಕಾರಣ ಕಂಡುಹಿಡಿಯುತ್ತಿದ್ದೆ. ಜಲಜ ನನ್ನ ಹೆಂಡತಿ. ನಾನು ಬಂದರಿನ ದಕ್ಕೆಯ ಹತ್ತಿರ ಮೀನುಗಾರಿಕಾ ಬೋಟುಗಳ ಎಂಜಿನ್ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟವನು. ನಮ್ಮ ಅಜ್ಜ, ಅಪ್ಪ ಎಲ್ಲ ಕಡಲಿಗೆ ಹೋದವರು. ನನಗೆ ಮಾತ್ರ ಬೋಟು ನದಿ ಕಡಲು ಸೇರುವ ಅಳಿವೆ ಬಾಗಿಲು ದಾಟುವ ಮೊದಲೇ ವಾಂತಿ ಶುರು. ಮೀನು ಹಿಡಿಯುವವರ ಮನೆಯಲ್ಲಿ ಹುಟ್ಟಿ ಮೀನಿಗೇ ಊಟ ಹಾಕಿ ಬರುವ ಮಗನನ್ನು ಏನು ಮಾಡುವುದು? "ಇವನನ್ನು ನೆಲದ ಮೇಲೆಯೇ ಇಟ್ಕೊಳ್ಳಿ" ಎಂದು ಅಪ್ಪ ತೀರ್ಪು ಕೊಟ್ಟರು. ಹಾಗೆ ನಾನು ಎಂಜಿನ್ನಿನ ಕಾಯಿಲೆಗಳ ಮೇಲೆ ಬದುಕುವವನಾದೆ.

ಜಲಜಳ ತಲೆನೋವು ಶುರುವಾದದ್ದು ಕಳೆದ ವರ್ಷ. ಸಂಜೆಯಾದರೆ ಸಾಕು, ತಲೆಗೆ ಬಟ್ಟೆ ಬಿಗಿದುಕೊಂಡು ಕೂತುಬಿಡುತ್ತಿದ್ದಳು. ಹೆಗಲ ಮೇಲೆ ಯಾರೋ ಅಕ್ಕಿ ಮುಡಿ ಇಟ್ಟ ಹಾಗೆ ಆಗುತ್ತದಂತೆ. ರಾತ್ರಿ ನಿದ್ದೆ ಇಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿದೆವು. ತಲೆಯೊಳಗೆ ಏನೂ ಇಲ್ಲ ಎಂದರು. "ಅದನ್ನು ಹೇಳ್ಲಿಕ್ಕೆ ಇಷ್ಟು ದೊಡ್ಡ ಮೆಷಿನ್ ಬೇಕಿತ್ತಾ? ನಮ್ಮ ಮದುವೆಯಾದ ವರ್ಷವೇ ನಿಮ್ಮಮ್ಮ ಹೇಳಿದ್ರು" ಎಂದಳು ಜಲಜ. ಅವಳು ಹೀಗೆ ಒಂದು ಮಾತು ಒಗೆದದ್ದೇ ನನಗೆ ಆ ದಿನದ ದೊಡ್ಡ ಸಂತೋಷ. ಯಾಕೆಂದರೆ ಮನೆ ತುಂಬ ಮಾತಾಡುತ್ತಿದ್ದವಳು ಬರಬರುತ್ತಾ ಊಟಕ್ಕೆ ಕರೆಯುವುದನ್ನೂ ಬಟ್ಟಲು ಕುಟ್ಟಿ ಮುಗಿಸುತ್ತಿದ್ದಳು. ಬಾಯಿ ಮುಚ್ಚಿದ ಜಲಜ ನನಗೆ ಪರಿಚಯವೇ ಇಲ್ಲದ ಹೆಂಗಸು. ಇಷ್ಟು ವರ್ಷ "ಸ್ವಲ್ಪ ಸುಮ್ನಿರು ಮಾರಾಯ್ತಿ" ಎಂದು ಬೇಡಿಕೊಂಡ ನನಗೇ ಈಗ ಅವಳ ಮೌನ ಕೇಳಿ ಒಳಗೊಳಗೆ ಹೆದರಿಕೆಯಾಗುತ್ತಿತ್ತು.

ಅಂಗಡಿಗೆ ಬಂದ ಬೋಟಿನ ಮಾಲೀಕರೊಬ್ಬರು ತಮ್ಮ ಸೊಂಟನೋವು ಗುಣವಾದ ಕಥೆ ಹೇಳಿದರು. "ಬಿಕರ್ನಕಟ್ಟೆಯಲ್ಲಿ ಒಬ್ರು ಡಾಕ್ಟ್ರಮ್ಮ ಇದ್ದಾರೆ ಮಾರಾಯ್ರೆ. ಚೀನಾದ ಸೂಜಿ. ನೋವು ಸೊಂಟದಲ್ಲಿ, ಸೂಜಿ ಕಾಲಿಗೆ!" ನನಗೆ ಇಷ್ಟು ಸಾಕು. ಯಾರು ಯಾವ ಮದ್ದು ಹೇಳಿದರೂ ಅದರ ಮೊದಲ ಭಕ್ತ ನಾನೇ. ಜಲಜ ಒಪ್ಪಿದ್ದು ಬೇರೆ ಲೆಕ್ಕಾಚಾರದಲ್ಲಿ: ಎಲ್ಲ ಧರ್ಮದವರೂ ಹೋಗುವ ಬಾಲಯೇಸುವಿನ ಇಗರ್ಜಿ ಅಲ್ಲೇ ಹತ್ತಿರ, ಸೂಜಿ ಕೆಲಸ ಮಾಡದಿದ್ದರೂ ಒಂದು ಮೇಣದಬತ್ತಿ ಹಚ್ಚಿ ಬಂದ ಹಾಗಾಯಿತು. "ಹೇಗೂ ಹೋಗುದಲ್ವಾ, ಸುಮ್ನೆ ಯಾಕೆ ಬಿಡುದು" ಎಂದಳು.

ಡಾಕ್ಟರಮ್ಮ ಚಿಕ್ಕ ಪ್ರಾಯದವರು, ನಗುಮುಖ. ಮೊದಲು ನಾಲಗೆ ಚಾಚಲು ಹೇಳಿದರು. ಜಲಜಳ ಜೊತೆಗೆ ನಾನೂ ಚಾಚಿದೆ. "ನಿಮ್ಮದು ಬೇಡ ಅಂಕಲ್" ಎಂದರು. ಆಮೇಲೆ ಮಣಿಕಟ್ಟು ಹಿಡಿದು ನಾಡಿ ನೋಡುತ್ತಾ ವಿವರಿಸಿದರು: ಚೀನೀಯರ ಲೆಕ್ಕದಲ್ಲಿ ಸಿಟ್ಟು ಇರುವುದು ಲಿವರ್‌ನಲ್ಲಿ, ಹೆದರಿಕೆ ಕಿಡ್ನಿಯಲ್ಲಿ, ದುಃಖ ಶ್ವಾಸಕೋಶದಲ್ಲಿ. ಮನುಷ್ಯನ ಒಳಗೆ ಇಷ್ಟೆಲ್ಲ ಡಿಪಾರ್ಟ್‌ಮೆಂಟುಗಳು ಉಂಟೆಂದು ನನಗೆ ಗೊತ್ತಿರಲಿಲ್ಲ. "ಮನೆಯಲ್ಲಿ ಯಾರಾದ್ರೂ ತೀರಿಕೊಂಡಿದ್ದಾರಾ ಆಂಟಿ?" ಎಂದು ಕೇಳಿದರು. "ಅಮ್ಮ ಹೋದ್ರು, ಕಳೆದ ವರ್ಷ. ಪ್ರಾಯ ಆಗಿತ್ತು. ನರಳ್ಲಿಲ್ಲ, ಒಳ್ಳೆಯ ಸಾವು" ಎಂದಳು ಜಲಜ, ಬೇರೆ ಯಾರದೋ ಅಮ್ಮನ ಬಗ್ಗೆ ಹೇಳಿದ ಹಾಗೆ. ಡಾಕ್ಟರಮ್ಮ ಮತ್ತೇನೂ ಕೇಳದೆ ಕೈಗೆ, ಕಾಲಿಗೆ, ಹುಬ್ಬುಗಳ ನಡುವೆ ಕೂದಲಿನಂಥ ಸೂಜಿಗಳನ್ನು ಚುಚ್ಚತೊಡಗಿದರು. ನೋಡುತ್ತಿದ್ದ ನನಗೆ ಕಣ್ಣು ಕತ್ತಲೆ ಬಂತು. ನರ್ಸ್ ನನಗೇ ನೀರು ಕೊಡಬೇಕಾಯಿತು. ಮಂಚದ ಮೇಲಿಂದ ಜಲಜ, "ಇದೆಂತ ಸೂಜಿಯಾ? ಮೀನು ಕ್ಲೀನ್ ಮಾಡುವಾಗ ಇದಕ್ಕಿಂತ ಜೋರು ಚುಚ್ತದೆ" ಎಂದಳು.

ಜೊತೆಗೆ ಚೀನಾದ ಗಿಡಮೂಲಿಕೆಗಳ ಪೊಟ್ಟಣ. ಬೇರು, ಸಿಪ್ಪೆ, ಒಣಗಿದ ಕೆಂಪು ಹಣ್ಣು, ಇನ್ನೂ ಏನೇನೋ. ಕುದಿಸಿ, ಸೋಸಿ, ಕುಡಿಯಬೇಕು. ಮಳೆಗಾಲದ ಆಟಿ ಅಮಾವಾಸ್ಯೆಯ ದಿನ ಪಾಲೆ ಮರದ ತೊಗಟೆಯ ಕಷಾಯ ಕುಡಿದು ಬೆಳೆದ ನಮಗೆ ಕಹಿಯೇನೂ ಹೊಸತಲ್ಲ. ಆದರೆ ಪಾಲೆ ಕಷಾಯ ವರ್ಷಕ್ಕೊಂದು ದಿನ, ಇದು ದಿನಾ. ಆ ವಾಸನೆಗೆ ನಮ್ಮ ಬೆಕ್ಕು ಅಡುಗೆಮನೆ ಬಿಟ್ಟು ಎದುರಿನ ಮನೆಯಲ್ಲಿ ಬಿಡಾರ ಹೂಡಿತು. ಒಲೆಯ ಮೇಲೆ ಏನೇ ಕುದಿಯಲಿ, ಉಪ್ಪು ಹಾಕದೆ ಜಲಜಳ ಕೈ ಕೇಳುವುದಿಲ್ಲ. ಇದಕ್ಕೂ ಉಪ್ಪು ಹಾಕಿದಳು. ಮರುದಿನ ಜಜ್ಜಿದ ಬೆಳ್ಳುಳ್ಳಿ. ಮತ್ತೊಂದು ವಾರದಲ್ಲಿ ಚೀನಾದ ಮದ್ದು ಒಗ್ಗರಣೆ ಹಾಕಿಸಿಕೊಂಡು ನಮ್ಮ ಊರಿನದೇ ಆಗಿಬಿಟ್ಟಿತು. ವಿಷಯ ಗೊತ್ತಾಗಿ ಡಾಕ್ಟರಮ್ಮ ತಲೆಗೆ ಕೈಹೊತ್ತು, "ಅದು ಸಾರಲ್ಲ ಆಂಟಿ!" ಎಂದರು.

ಸುಳ್ಳು ಹೇಳಬಾರದು, ಸೂಜಿಯಿಂದ ಗುಣ ಕಂಡಿತು. ಹೆಗಲು ಹಗುರಾಯಿತು, ರಾತ್ರಿ ಗೊರಕೆ ಶುರುವಾಯಿತು. ಆದರೆ ಮುಸ್ಸಂಜೆಯ ತಲೆನೋವು ಮಾತ್ರ ಜಪ್ಪಯ್ಯ ಅಂದರೂ ಬಿಡಲಿಲ್ಲ, ಮಾತೂ ಮರಳಲಿಲ್ಲ. ಅಷ್ಟರಲ್ಲಿ ಮಳೆಗಾಲ ಬಂತು. ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲದ ಆ ದಿನಗಳಲ್ಲಿ ದಕ್ಕೆ ಖಾಲಿ, ನನ್ನ ಅಂಗಡಿಯೂ ಖಾಲಿ. ರಾತ್ರಿಯ ಊಟಕ್ಕಷ್ಟೇ ತೊಕ್ಕೊಟ್ಟಿನ ಮನೆ ಸೇರುತ್ತಿದ್ದ ನಾನು ಒಂದು ದಿನ ಸಂಜೆಯೇ ಬಂದುಬಿಟ್ಟೆ. ಚಾ ಕೇಳೋಣವೆಂದು ಹಿಂದಿನ ಜಗಲಿಗೆ ಹೋದರೆ ಜಲಜ ನನಗೆ ಬೆನ್ನು ಹಾಕಿ ಕೂತಿದ್ದಳು. ಕೈಯಲ್ಲಿ ಮೊಬೈಲು. ಪರದೆಯ ಮೇಲೆ "ಅಮ್ಮ" ಎಂಬ ಹೆಸರು. ಅದನ್ನು ಒತ್ತಲಿಲ್ಲ. ಸುಮ್ಮನೆ ನೋಡಿದಳು. ಮೊಬೈಲನ್ನು ಕವುಚಿ ಇಟ್ಟಳು. ಆಮೇಲೆ ತಲೆಗೆ ಬಟ್ಟೆ ಬಿಗಿದುಕೊಂಡಳು.

ಆಗ ನನಗೆ ನೆನಪಾಯಿತು. ಕಾಟಿಪಳ್ಳದಲ್ಲಿದ್ದ ಅತ್ತೆಗೆ ಅವಳು ದಿನಾ ದೀಪ ಹಚ್ಚಿದ ಮೇಲೆ ಫೋನ್ ಮಾಡುತ್ತಿದ್ದಳು. ಭಾನುವಾರ ಮನೆಯಲ್ಲಿದ್ದಾಗ ನಾನೂ ಕೇಳಿದ್ದೇನೆ. ಅಮ್ಮ ಮಗಳ ತುಳು ಮಾತುಕತೆ ಯಾವಾಗಲೂ ಒಂದೇ ಪ್ರಶ್ನೆಯಿಂದ ಶುರು: "ಇನಿ ದಾದ ಕಜಿಪು?" ಅಂದರೆ ಇವತ್ತು ಊಟಕ್ಕೆ ಎಂತ ಪದಾರ್ಥ? ಆಮೇಲೆ ಬಂಗುಡೆ ಮೀನಿನ ರೇಟು, ಯಾರ ಮಗಳಿಗೆ ಸಂಬಂಧ ಕೂಡಿಬಂತು, ಯಾರ ಕಾಲು ಬಾತಿತು. ಕಾಟಿಪಳ್ಳದ ಪದಾರ್ಥ ತಿಳಿದು ತೊಕ್ಕೊಟ್ಟಿನಲ್ಲಿ ಆಗಬೇಕಾದ್ದೇನು ಎಂದು ನಾನು ತಮಾಷೆ ಮಾಡುತ್ತಿದ್ದೆ. ಈಗ ಆ ಹೊತ್ತು ದಿನಾ ಬರುತ್ತದೆ, ಆ ಫೋನ್ ಮಾತ್ರ ಇಲ್ಲ. ಎಂಜಿನ್ ಶಬ್ದ ಮಾಡುತ್ತದೆ ಎಂದು ಯಾರು ಬಂದರೂ ನಾನು ಕೇಳುವ ಮೊದಲ ಪ್ರಶ್ನೆ, "ಯಾವಾಗ ಮಾಡ್ತದೆ? ಸ್ಟಾರ್ಟ್ ಮಾಡುವಾಗಲಾ, ಲೋಡ್ ಬಿದ್ದಾಗಲಾ?" ಹೆಂಡತಿಯನ್ನು ಇದೊಂದು ಮಾತು ಕೇಳಲಿಕ್ಕೆ ನನಗೆ ಹೊಳೆಯಲಿಲ್ಲ ನೋಡಿ. ಚಾ ಕೇಳದೆ ಬೆಕ್ಕಿನ ಹೆಜ್ಜೆಯಲ್ಲಿ ಹಿಂದೆ ಬಂದೆ.

ಮರುದಿನ ಅಂಗಡಿ ತೆರೆಯದೆ ಮನೆಯಲ್ಲೇ ಇದ್ದೆ. ಸಂಜೆ ಏನೋ ನೆಪ ಹೇಳಿ ತೊಕ್ಕೊಟ್ಟು ಪೇಟೆಗೆ ಹೋಗಿ, ಬಸ್ಸುಗಳ ಗಲಾಟೆಯ ನಡುವೆ ಕೊಡೆ ಹಿಡಿದು ನಿಂತು ಅವಳಿಗೆ ಫೋನ್ ಮಾಡಿದೆ. ಮಾಡಿದ ಮೇಲೆ ಏನು ಮಾತಾಡಬೇಕೆಂದು ತಿಳಿಯಲಿಲ್ಲ. ನಮ್ಮದು "ಬರ್ತೇನೆ", "ಅಕ್ಕಿ ಉಂಟಾ", "ಇಡ್ತೇನೆ" ಎಂಬಲ್ಲಿಗೆ ಮುಗಿಯುವ ಫೋನು.

"ಎಂತಾಯ್ತು? ಎಲ್ಲಿಯಾದ್ರೂ ಬಿದ್ರಾ?" ಜಲಜಳಿಗೆ ಗಾಬರಿ.

"ಇಲ್ಲ ಮಾರಾಯ್ತಿ, ಸುಮ್ನೆ."

"ಸುಮ್ನೆಯಾ? ಕುಡಿದಿದ್ದೀರಾ?"

ನಾನು ಧೈರ್ಯ ಮಾಡಿ ಕೇಳಿಯೇಬಿಟ್ಟೆ. "ಇನಿ ದಾದ ಕಜಿಪು?"

ಒಂದು ಬಸ್ಸು ಹೋಯಿತು, ಇನ್ನೊಂದು ಬಂತು. "ಮಧ್ಯಾಹ್ನ ನೀವೇ ಉಂಡದ್ದಲ್ವಾ" ಎಂದು ಶುರುಮಾಡಿದವಳ ಸ್ವರ ಅರ್ಧದಲ್ಲೇ ಒಡೆಯಿತು. ಆಮೇಲೆ ಅತ್ತಳು. ಅತ್ತೆಯ ಬೊಜ್ಜದ, ಅಂದರೆ ಉತ್ತರಕ್ರಿಯೆಯ ದಿನವೂ ಅಳದೆ ನೂರು ಜನರಿಗೆ ಬಡಿಸಿದವಳು ಅಂದು ಜೋರಾಗಿ, ಮಕ್ಕಳ ಹಾಗೆ ಅತ್ತಳು. ಕೊಡೆಯೊಳಗೆ ನನಗೂ ಮಳೆ ಬಂತು. ಪಕ್ಕದಲ್ಲಿ ಮೀನು ಮಾರುತ್ತಿದ್ದ ಹೆಂಗಸು, "ಎಂತ ಅಣ್ಣ, ಯಾರಾದ್ರೂ ಹೋದ್ರಾ?" ಎಂದು ಕೇಳಿದಳು. ಹೌದು ಎಂದೆ. ಯಾವಾಗ ಎಂದು ಅವಳು ಕೇಳಲಿಲ್ಲ, ಪುಣ್ಯ.

ಅಂದಿನಿಂದ ಆ ಹೊತ್ತಿಗೆ ಫೋನ್ ಮಾಡುವುದು ನನ್ನ ಡ್ಯೂಟಿಯಾಯಿತು. ಸುಲಭ ಎಂದು ತಿಳಿಯಬೇಡಿ. "ಹೂಂ" ಎಂದರೆ, "ಅಮ್ಮ ಹಾಗೆ ಹೂಂ ಹೇಳ್ತಿರ್ಲಿಲ್ಲ, ಹೌದಾ ಮಗಾ ಅಂತ ಕೇಳ್ತಿದ್ರು" ಎಂದು ಪಾಠ. ನಾನು ಹೌದಾ ಮಗಾ ಎನ್ನುವುದನ್ನು ಕಲಿತೆ. ಬಂಗುಡೆಯ ರೇಟು ತಿಳಿದಿಟ್ಟುಕೊಂಡೆ. ತಲೆಗೆ ಕಟ್ಟುವ ಬಟ್ಟೆ ಮೆಲ್ಲಗೆ ಒಲೆಯ ಪಾತ್ರೆ ಇಳಿಸುವ ಮಸಿಬಟ್ಟೆಯಾಯಿತು. ಮನೆಗೆ ಮಾತೂ ಬಂತು, ಬೆಕ್ಕೂ ಬಂತು. ಈ ಸಲಿಗೆಯಲ್ಲಿ ಒಂದು ದಿನ ಜಲಜ ತನ್ನ ಗಂಡನ ಮೇಲಿನ ದೂರನ್ನೂ ನನ್ನ ಹತ್ತಿರವೇ ಹೇಳತೊಡಗಿದಳು. "ಇವರದ್ದು ಎಂತ ಹೇಳುದಮ್ಮಾ" ಎಂದು ಶುರು. ನಾನು ಉಸಿರು ಬಿಗಿಹಿಡಿದು, "ಹೌದಾ ಮಗಾ?" ಎಂದೆ. ಇಷ್ಟು ವರ್ಷ ತೊಕ್ಕೊಟ್ಟಿನಿಂದ ಕಾಟಿಪಳ್ಳಕ್ಕೆ ಏನೇನು ಸರಬರಾಜಾಗುತ್ತಿತ್ತು ಎಂದು ಆಗ ತಿಳಿಯಿತು.

ಮಳೆಗಾಲ ಮುಗಿದು ಬೋಟುಗಳು ಇಳಿದವು, ಅಂಗಡಿ ತುಂಬಿತು. ಕೈಯೆಲ್ಲ ಗ್ರೀಸ್. ಕಿವಿಗೂ ಹೆಗಲಿಗೂ ನಡುವೆ ಮೊಬೈಲನ್ನು ಸಿಕ್ಕಿಸಿಕೊಂಡು ಗ್ಯಾಸ್ಕೆಟ್ ಹುಡುಕುತ್ತಾ ಮಾತಾಡಿ ಮಾತಾಡಿ ನನ್ನ ಕುತ್ತಿಗೆ ಒಂದೇ ಕಡೆಗೆ ವಾಲಿ ನಿಂತಿತು. ಬೇರೆ ದಾರಿಯಿಲ್ಲದೆ ಬಿಕರ್ನಕಟ್ಟೆಗೆ ನಾನೇ ರೋಗಿಯಾಗಿ ಹೋದೆ. ಈ ಸಲ ಡಾಕ್ಟರಮ್ಮ ನನ್ನ ನಾಲಗೆಯನ್ನೇ ನೋಡಿದರು. "ಮನಸ್ಸಿಗೆ ಎಂತಾದ್ರೂ ಭಾರ ಉಂಟಾ ಅಂಕಲ್?"

"ಭಾರ ಎಂತ ಇಲ್ಲ ಡಾಕ್ಟ್ರೇ. ಒಂದು ಹೊಸ ಕೆಲಸ ಸಿಕ್ಕಿದೆ. ನಮ್ಮ ಅತ್ತೆಯ ಕೆಲಸ."

ನನ್ನನ್ನು ಕವುಚಿ ಮಲಗಿಸಿ, ಕುತ್ತಿಗೆಗೆಲ್ಲ ಸೂಜಿ ಚುಚ್ಚಿ, ಅಲ್ಲಾಡಬಾರದೆಂದು ಎಚ್ಚರಿಸಿದ ಹೊತ್ತಿಗೇ ಫೋನ್ ರಿಂಗಾಯಿತು. ಇವತ್ತು ನನ್ನ ಫೋನ್ ಬರಲಿಲ್ಲವೆಂದು ಜಲಜಳೇ ಮಾಡಿದ್ದಳು. ಡಾಕ್ಟರಮ್ಮ ನಗುತ್ತಾ ಸ್ಪೀಕರ್ ಒತ್ತಿ ದಿಂಬಿನ ಪಕ್ಕದಲ್ಲಿಟ್ಟರು.

"ನೋಡಮ್ಮಾ, ಗ್ಯಾಸ್ ಬುಕ್ ಮಾಡಿ ಅಂತ ಇವರಿಗೆ ಎಷ್ಟು ಸರ್ತಿ ಹೇಳುದು? ಮಾಡಿದ್ರಾ? ಇಲ್ಲ! ಹೇಳಿದ್ದು ಒಂದು ಕಿವಿಗೆ ಹೋಗುದಿಲ್ಲ."

ಪರದೆಯ ಆಚೆ ಮಲಗಿದ್ದ ರೋಗಿ ಕಿಸಕ್ಕೆಂದ. ಓಡಿಹೋಗೋಣವೆಂದರೆ ಮೈತುಂಬ ಸೂಜಿ. ನಾನು ದಿಂಬಿಗೆ ಬಾಯಿಟ್ಟು, ಆದಷ್ಟು ಅತ್ತೆಯ ಧಾಟಿಯಲ್ಲಿಯೇ, "ಹೌದಾ ಮಗಾ? ಹೊಂದಿಕೊಂಡು ಹೋಗು. ಎಂತ ಇದ್ರೂ ನಿನ್ನ ಗಂಡ ಒಳ್ಳೆಯ ಮನುಷ್ಯ" ಎಂದೆ.

"ಅಮ್ಮ ಒಂದು ದಿನ ಕೂಡ ಹಾಗೆ ಹೇಳ್ಲಿಲ್ಲ" ಎಂದಳು ಜಲಜ.